ಹುಣಸೇಕಟ್ಟೆಯ ಹೆಸರಿನ ವೈರಸ್

ಕೆರೆಯ ಅಂಗಳದಲ್ಲಿ ಹುಲ್ಲು ಕೊಯ್ಯುತ್ತಿದ್ದ ಲಕ್ಷ್ಮಿದೇವಮ್ಮನವರಿಗೆ ಮೊದಲು ಕಂಡದ್ದು ಒಂದು ನೀಲಿ ಡಬ್ಬ. ಆಮೇಲೆ ಅದರ ಪಕ್ಕದಲ್ಲಿ, ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತು ನಿಂತಿದ್ದ ಒಬ್ಬ ಹುಡುಗಿ. ಅವಳು ಕೂಗಿಕೊಳ್ಳುತ್ತಿರಲಿಲ್ಲ. ಕೈಯಲ್ಲಿದ್ದ ಹತ್ತಿಯ ಕಡ್ಡಿಗೆ ಮಾತ್ರ ಕೆಸರು ತಾಗಬಾರದೆಂದು ಅದನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು.

"ಅಲ್ಲಾಡ್‌ಬ್ಯಾಡ ಕಣವ್ವ! ಅಲ್ಲಾಡುದ್ರೆ ಇನ್ನೂ ಇಳೀತೀಯ!"

ಲಕ್ಷ್ಮಿದೇವಮ್ಮ ಕೊಯ್ದಿದ್ದ ಹುಲ್ಲನ್ನೆಲ್ಲ ಕೆಸರಿನ ಮೇಲೆ ಹಾಸಿ, ಅದರ ಮೇಲೆ ಮಂಡಿಯೂರಿ ಕೂತು, ಹುಡುಗಿಯ ರಟ್ಟೆ ಹಿಡಿದು ಎಳೆದರು. ಹುಡುಗಿ ಬಂದಳು. ಅವಳ ಒಂದು ಬೂಟು ಬರಲಿಲ್ಲ.

"ಏನ್ ಕಳ್ಕಂಡಿದ್ದೆ ಅಲ್ಲಿ?"

"ಏನೂ ಕಳ್ಕೊಂಡಿಲ್ಲ ಅಮ್ಮ. ಬಾತಿನ ಹಿಕ್ಕೆ ಬೇಕಾಗಿತ್ತು."

"ಇಕ್ಕೆನಾ?"

"ಹೂಂ. ಹಸಿ ಹಿಕ್ಕೆ."

ಲಕ್ಷ್ಮಿದೇವಮ್ಮ ಒಂದು ಗಳಿಗೆ ಅವಳ ಮುಖ ನೋಡಿದರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಹುಡುಗಿಗೆ ಮೊದಲು ಮುಜುಗರವಾಯಿತು. ಕೊನೆಗೆ ಅವಳೂ ಕೆಸರುಗಾಲಿನಲ್ಲೇ ನೆಲಕ್ಕೆ ಕೂತು ನಗತೊಡಗಿದಳು. ಶಾಂತಿಗ್ರಾಮದಿಂದ ಒಳಕ್ಕೆ ಐದಾರು ಮೈಲಿ ದೂರದ ಹುಣಸೇಕಟ್ಟೆಯಲ್ಲಿ, ೨೦೨೪ರ ಡಿಸೆಂಬರ್ ಮೊದಲ ವಾರ ಇಬ್ಬರಿಗೂ ಪರಿಚಯವಾದದ್ದು ಹೀಗೆ.

ಹುಡುಗಿಯ ಹೆಸರು ತೇಜಶ್ರೀ. ಅರಕಲಗೂಡಿನವಳು. ಪಶುವೈದ್ಯಕೀಯ ಓದಿ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಕ್ಕಿಜ್ವರದ ವೈರಸ್‌ಗಳ ಮೇಲೆ ಕೆಲಸ ಮಾಡುತ್ತಿದ್ದಳು. ಚಳಿಗಾಲಕ್ಕೆ ಉತ್ತರದಿಂದ ಹಾರಿ ಬರುವ ಹಕ್ಕಿಗಳು ತಮ್ಮ ಹೊಟ್ಟೆಯಲ್ಲಿ ಯಾವ ವೈರಸ್ ತರುತ್ತವೆ ಎಂದು ತಿಳಿಯಲು ಅವುಗಳನ್ನು ಹಿಡಿಯಬೇಕಾಗಿಲ್ಲ. ಹಿಕ್ಕೆ ಸಿಕ್ಕರೆ ಸಾಕು. ಆದರೆ ಅದು ಹಸಿಯಾಗಿರಬೇಕು, ಯಾವ ಹಕ್ಕಿಯದೆಂದು ಗೊತ್ತಿರಬೇಕು, ತೆಗೆದ ಕೂಡಲೇ ಮಂಜುಗಡ್ಡೆಯ ಡಬ್ಬಕ್ಕೆ ಸೇರಬೇಕು. ಇದಕ್ಕೆ ಊರಿನವರೇ ಒಬ್ಬರು ಜೊತೆಗಿದ್ದರೆ ಒಳ್ಳೆಯದೆಂದು ಅವಳು ಹುಡುಕುತ್ತಿದ್ದಳು. ಸಂಬಳ ಸಂಸ್ಥೆಯೇ ಕೊಡುತ್ತಿತ್ತು. ಮಾರನೆಯ ದಿನದಿಂದಲೇ ಲಕ್ಷ್ಮಿದೇವಮ್ಮ ಆ ಕೆಲಸಕ್ಕೆ ಹೋದರು.

ಲಕ್ಷ್ಮಿದೇವಮ್ಮ ಹುಟ್ಟಿದ್ದು ಹಿರೀಸಾವೆಯ ಹತ್ತಿರದ ಒಂದು ಹಳ್ಳಿಯಲ್ಲಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು, ಹದಿನೆಂಟಕ್ಕೆ ಹುಣಸೇಕಟ್ಟೆಯ ಚಿಕ್ಕಯ್ಯನವರನ್ನು ಮದುವೆಯಾಗಿ ಬಂದವರು. ಚಿಕ್ಕಯ್ಯನವರ ಮನೆತನದ್ದು ನೀರುಗಂಟಿ ಕೆಲಸ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಯಾವಾಗ ನೀರು ಹೋಗಬೇಕೆಂದು ನೋಡಿಕೊಳ್ಳುವವರು ಅವರೇ. ತೂಬಿನ ಹತ್ತಿರಕ್ಕೆ ಗಂಡನಿಗೆ ಬುತ್ತಿ ಒಯ್ದೂ ಒಯ್ದೂ, ಕಾಯುತ್ತ ಕೂತೂ ಕೂತೂ, ಲಕ್ಷ್ಮಿದೇವಮ್ಮನವರಿಗೆ ಕೆರೆಯ ಹಕ್ಕಿಗಳೆಲ್ಲ ಅಕ್ಕಪಕ್ಕದ ಮನೆಯವರಷ್ಟೇ ಗುರುತಾಗಿದ್ದವು. ಈಗ ವಯಸ್ಸು ಐವತ್ತು ದಾಟಿತ್ತು. ನಾಟಿ, ಕಳೆ, ಕೊಯ್ಲು ಎಂದು ಕೂಲಿಗೆ ಹೋಗುತ್ತಿದ್ದರು; ಮನೆಯಲ್ಲಿ ಒಂದಿಪ್ಪತ್ತು ನಾಟಿಕೋಳಿ ಸಾಕಿದ್ದರು. ಕಣ್ಣ ಮೇಲೆ ಬಿಳಿ ಗೆರೆಯಿದ್ದ ಒಂದು ಸಣ್ಣ ವಲಸೆ ಬಾತಿಗೆ ಅವರೇ 'ಹುಬ್ಬಿನ ಬಾತು' ಎಂದು ಹೆಸರಿಟ್ಟಿದ್ದರು. ತೇಜಶ್ರೀಯ ಪುಸ್ತಕದಲ್ಲೂ ಹೆಚ್ಚುಕಡಿಮೆ ಅದೇ ಹೆಸರಿದ್ದದ್ದನ್ನು ನೋಡಿ, "ನನ್ ಕೇಳ್ದೆ ಯಾರ್ ಬರ್ದವ್ರೆ?" ಎಂದು ಗಂಭೀರವಾಗಿಯೇ ಕೇಳಿದರು.

ಕೈಗೆ ಗವಸು, ಮೂಗಿಗೆ ಮಾಸ್ಕು, ಕಾಲಿಗೆ ಗಂಬೂಟು. ಬೆಳಕು ಹರಿಯುವ ಹೊತ್ತಿಗೆ ಹೀಗೆ ಹೊರಟ ಹೆಂಡತಿಯನ್ನು ನೋಡಿ ಮೊದಲ ದಿನ ಚಿಕ್ಕಯ್ಯ, "ಚಂದ್ರಲೋಕುಕ್ ಒಂಟಿದ್ದೀಯೇನಮ್ಮಿ?" ಎಂದರು. ಊರಿನವರಂತೂ 'ಇಕ್ಕೆ ಆಫೀಸರ್' ಎಂದೇ ಕರೆಯತೊಡಗಿದರು. ಲಕ್ಷ್ಮಿದೇವಮ್ಮ ಅದಕ್ಕೂ ನಕ್ಕರು. ಅವರಿಗೆ ನಿಜವಾಗಿ ಕಷ್ಟವಾದದ್ದು ಬರವಣಿಗೆ. ಹಿಕ್ಕೆ ತುಂಬಿದ ಪ್ರತಿ ಕೊಳವೆಯ ಮೇಲೂ ಅಂಕಿ, ದಿನ, ಹಕ್ಕಿಯ ಹೆಸರು ಬರೆಯಬೇಕು. ನಲವತ್ತು ವರ್ಷದಿಂದ ಸಹಿ ಬಿಟ್ಟರೆ ಬೇರೇನೂ ಬರೆಯದ ಕೈ. ಮೊದಲ ವಾರ ಒಂದು ಚೀಟಿಗೆ ಐದು ನಿಮಿಷ ಹಿಡಿಯಿತು. ಸಂಜೆ ಕೋಳಿ ಗೂಡಿನ ಮುಂದೆ ಕೂತು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಭ್ಯಾಸ ಮಾಡಿದರು. ಮೂರನೇ ವಾರಕ್ಕೆ ತೇಜಶ್ರೀ, "ಅಮ್ಮ, ನನ್ನ ಅಕ್ಷರಕ್ಕಿಂತ ನಿಮ್ಮದೇ ಚೆನ್ನಾಗಿದೆ, ಇನ್ಮೇಲೆ ನೀವೇ ಬರೀರಿ" ಎಂದಳು. ಅಂದು ಲಕ್ಷ್ಮಿದೇವಮ್ಮ ಮನೆಗೆ ಬಂದು ಯಾವ ಹಬ್ಬವೂ ಇಲ್ಲದೆ ಪಾಯಸ ಮಾಡಿದರು.

ಒಂದು ದಿನ ಕೆರೆಯ ಏರಿಯ ಮೇಲೆ ಕೂತು ರೊಟ್ಟಿ ತಿನ್ನುವಾಗ ಅವರು ಕೇಳಿದರು. "ಅಲ್ಲ ಕಣವ್ವ, ಬೆಂಗ್ಳೂರಲ್ಲಿ ಕೆರೆ ಇಲ್ವಾ? ಇಲ್ಲಿಗ್ಯಾಕ್ ಬಂದೆ?"

ತೇಜಶ್ರೀ ಫೋನಿನಲ್ಲಿ ಒಂದು ನಕ್ಷೆ ತೆರೆದು ತೋರಿಸಿದಳು. ಯಾವ ಊರಿನಲ್ಲಿ ಯಾವ ವೈರಸ್ ಕಂಡಿದೆಯೆಂದು ಕೆಂಪು ಚುಕ್ಕಿ ಇಟ್ಟ ನಕ್ಷೆ. ಕೆಲವು ಕಡೆ ಚುಕ್ಕಿಗಳು ಒತ್ತಿಕೊಂಡು ಕೂತಿದ್ದವು. ಹಾಸನ ಜಿಲ್ಲೆ ಇರುವ ಜಾಗದಲ್ಲಿ ಒಂದೂ ಇರಲಿಲ್ಲ.

"ಅಂಗಾದ್ರೆ ನಮ್ ಕಡೀಕೆ ಈ ಕಾಯ್ಲೆ ಇಲ್ಲ ಅಂತ ತಾನೆ? ಒಳ್ಳೇದೇ ಆಯ್ತು ಬುಡು."

"ಇಲ್ಲ ಅಂತ ಅಲ್ಲಮ್ಮ. ಯಾರೂ ಬಂದು ನೋಡಿಲ್ಲ ಅಂತ. ವೈರಸ್ ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಹೋಗುವಾಗ ಅಲ್ಪಸ್ವಲ್ಪ ಬದಲಾಗ್ತಾ ಹೋಗುತ್ತೆ. ನಡುವೆ ಇಷ್ಟು ಜಾಗ ಖಾಲಿ ಬಿಟ್ರೆ ಎಲ್ಲಿಂದ ಬಂತು, ಎಲ್ಲಿ ಬದಲಾಯ್ತು ಗೊತ್ತೇ ಆಗಲ್ಲ. ಒಂದಿನ ಕೆಟ್ಟ ವೈರಸ್ ಆಗಿ ಎದ್ದಾಗ ಎಲ್ಲರೂ ಗಾಬರಿಯಾಗ್ತಾರೆ."

ಲಕ್ಷ್ಮಿದೇವಮ್ಮ ನೆಲದ ಮೇಲೆ ಬೆರಳಿನಿಂದ ನಾಲ್ಕು ಚುಕ್ಕಿ ಇಟ್ಟರು. "ನಮ್ ಬೀದೀಲಿ ಒಬ್ರ ಬಾಗ್ಲು ರಂಗೋಲಿ ನೋಡ್ಕಂಡು ಇನ್ನೊಬ್ರು ಬುಡ್ತರೆ. ಆರ್ನೇ ಮನೆಗೋಗೋ ಒತ್ಗೆ ಎಲ್ಡು ಚುಕ್ಕಿ ಎಚ್ಚಾಗಿರ್ತವೆ. ಅಂಗೇನಾ?"

"ಹಂಗೇ ಅಮ್ಮ! ಆ ಹೆಚ್ಚಾದ ಚುಕ್ಕಿ ನೋಡೇ ಯಾರದನ್ನ ನೋಡಿ ಯಾರು ಬಿಟ್ರು ಅಂತ ಕಂಡುಹಿಡೀತೀವಿ. ನಮ್ಮ ಕೆಲಸ ಅಷ್ಟೇ."

ಜನವರಿ ಮಧ್ಯದ ಹೊತ್ತಿಗೆ ನೂರಾ ಎಂಬತ್ತು ಕೊಳವೆಗಳು ಬೆಂಗಳೂರಿಗೆ ಹೋಗಿದ್ದವು. ಒಂದರಲ್ಲೂ ಏನೂ ಸಿಕ್ಕಿರಲಿಲ್ಲ. ಆ ದಿನ ಬಂದ ತೇಜಶ್ರೀಯ ಮುಖ ಸಪ್ಪೆಯಾಗಿತ್ತು. ಇನ್ನು ಎರಡು ವಾರ ನೋಡಿ ಈ ಕೆರೆಯನ್ನು ಕೈಬಿಡೋಣ ಎಂದು ಮೇಲಿನವರು ಹೇಳಿದ್ದರು.

"ನಾನೊಂದ್ ಮಾತೇಳ್ಲಾ?" ಎಂದರು ಲಕ್ಷ್ಮಿದೇವಮ್ಮ. "ಬ್ಯಾಸ್ರ ಮಾಡ್ಕಬ್ಯಾಡ. ನೀನು ದಿನಾ ಕರ್ಕಂಡೋಗೋದು ಹೆಬ್ಬಾತಿನ್ ತಾವುಕ್ಕೆ. ಅವು ದೊಡ್ಡವು, ಕಣ್ಣಿಗ್ ಕಾಣ್ತವೆ, ಸರಿ. ಆದ್ರೆ ಅವು ಯಾರ್ ಜೊತೀಗೂ ಸೇರಕಿಲ್ಲ. ಅವ್ರಷ್ಟ್ಕೆ ಅವ್ರು. ಹುಬ್ಬಿನ ಬಾತು ಅಂಗಲ್ಲ. ಕೆರೆ ಕೆಳ್ಗಡೆ ಗದ್ದೇಲಿ ಬಾತಿನೋರು ಬುಟ್ಟವ್ರಲ್ಲ ಸಾಕಿದ್ ಬಾತ್‌ಕ್ವಾಳಿ, ಬೆಳಿಗ್ಗೆ ಅವುಗ್ಳ ಜೊತೀಗ್ ಬಂದು ಕೂತ್ಕತವೆ. ಒಂದೇ ನೀರು ಕುಡೀತವೆ. ನೀನ್ ಯಾಕೆ ಅಲ್ಲೀಗ್ ಬರಾಕಿಲ್ಲ?"

ತೇಜಶ್ರೀ ತಟ್ಟನೆ ಅವರತ್ತ ತಿರುಗಿದಳು. "ಕಾಡು ಬಾತು, ಸಾಕಿದ ಬಾತು ಒಟ್ಟಿಗೆ ಕೂರ್ತವಾ? ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?"

"ನೀನ್ ಕೇಳ್ಲಿಲ್ವಲ್ಲವ್ವ. ಓದಿರೋಳು, ನಿಂಗೊತ್ತಿರ್ತದೆ ಅನ್ಕಂಡೆ."

ಕೊಯ್ಲು ಮುಗಿದ ಮೇಲೆ ಪ್ರತಿವರ್ಷ ಬಾತು ಮೇಯಿಸುವವರು ದೂರದಿಂದ ನೂರಾರು ಬಾತುಕೋಳಿ ಹೊಡೆದುಕೊಂಡು ಬರುತ್ತಾರೆ. ಗದ್ದೆಯಲ್ಲಿ ಉದುರಿದ ಭತ್ತ, ಹುಳಹುಪ್ಪಟೆ ಅವಕ್ಕೆ ಮೇವು. ಅವುಗಳ ಗೊಬ್ಬರ ಗದ್ದೆಗೆ. ಆ ಮಂದಿಯ ಯಜಮಾನನಿಗೆ ಲಕ್ಷ್ಮಿದೇವಮ್ಮ ಹತ್ತು ವರ್ಷದ ಪರಿಚಯ. ವಿಷಯ ಕೇಳಿ ಅವನು, "ನಮ್ ಬಾತು ಆರೋಗ್ಯವಾಗವೆ. ಆದ್ರೂ ನೋಡ್ಕಳಿ ಅಮ್ಮ, ಗೊತ್ತಾದ್ರೆ ನಂಗೂ ಒಳ್ಳೇದು" ಎಂದು ಒಪ್ಪಿದ.

ಆದರೆ ಎರಡೂ ಥರದ ಹಕ್ಕಿ ಒಂದೇ ಬದುವಿನ ಮೇಲೆ ಕೂತಾಗ ಯಾವ ಹಿಕ್ಕೆ ಯಾರದು? ಅದಕ್ಕೆ ಉಪಾಯ ಹುಡುಕಿದ್ದೂ ಲಕ್ಷ್ಮಿದೇವಮ್ಮನವರೇ. ಹುಲ್ಲಿನ ಮೆದೆಯ ಮರೆಯಲ್ಲಿ ಅಲ್ಲಾಡದೆ ಕೂತು, ಹುಬ್ಬಿನ ಬಾತು ಎಲ್ಲೆಲ್ಲಿ ಕೂತಿದೆಯೆಂದು ಬದುವಿನ ಗುರುತು ಹಿಡಿದು ನೋಡಿಟ್ಟುಕೊಳ್ಳುವುದು. ಹಕ್ಕಿಗಳು ಎದ್ದ ಕ್ಷಣವೇ ಓಡಿಹೋಗಿ ಆ ಜಾಗದಲ್ಲಿ ಕೆಂಪು ಬಟ್ಟೆ ಕಟ್ಟಿದ ಕಡ್ಡಿ ಚುಚ್ಚುವುದು. ಐವತ್ತು ದಾಟಿದ ಹೆಂಗಸು ಗಂಬೂಟು ಹಾಕಿಕೊಂಡು ಕಡ್ಡಿ ಹಿಡಿದು ಗದ್ದೆಯಲ್ಲಿ ಓಡುವುದು, ಹಿಂದೆ ತೇಜಶ್ರೀ ಡಬ್ಬ ಹಿಡಿದು ಓಡುವುದು. ಏರಿಯ ಮೇಲಿಂದ ಇದನ್ನು ನೋಡಲೆಂದೇ ನಾಲ್ಕಾರು ಜನ ಸೇರುತ್ತಿದ್ದರು. ಒಂದು ಬೆಳಿಗ್ಗೆ ಚಿಕ್ಕಯ್ಯ ತಡೆಯಲಾರದೆ ಪಂಚೆ ಎತ್ತಿ ಕಟ್ಟಿ ತಾವೂ ಕಡ್ಡಿ ಹಿಡಿದರು.

ಮಾರ್ಚ್ ಎರಡನೇ ವಾರ ಫೋನು ಬಂತು. ವಲಸೆ ಹಕ್ಕಿಗಳು ಅಷ್ಟರಲ್ಲಿ ಉತ್ತರಕ್ಕೆ ಹೊರಟು ಕೆರೆ ಬಣಬಣ ಎನ್ನುತ್ತಿತ್ತು.

"ಅಮ್ಮ, ಸಿಕ್ತು! ಇನ್ನೂರ ಹದಿನಾಲ್ಕನೇ ಕೊಳವೆ! ನಿಮ್ಮ ಕೆಂಪು ಬಟ್ಟೆ ಕಡ್ಡಿದು!"

"ಸಿಕ್ತಾ!" ಎಂದು ಲಕ್ಷ್ಮಿದೇವಮ್ಮ ಕೂಗಿದ್ದಕ್ಕೆ ಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಮರುಕ್ಷಣವೇ ಭಯವೂ ಆಯಿತು. "ಕೆಟ್ಟದ್ದೇನವ್ವ?"

"ಇಲ್ಲಮ್ಮ. ಸಾಧು ಜಾತಿದು. ಹಕ್ಕೀನೂ ಸಾಯಲ್ಲ, ಮನುಷ್ಯರಿಗೂ ಏನೂ ಆಗಲ್ಲ. ಆದರೆ ಎಂಥಾ ವಿಷಯ ಗೊತ್ತಾ? ಈ ವೈರಸ್ ಒಳಗೆ ಎಂಟು ತುಂಡು ಇರ್ತವೆ. ಇದರಲ್ಲಿ ಐದು ತುಂಡು ಉತ್ತರದ ಕಾಡು ಬಾತಿಂದು, ಮೂರು ಸಾಕಿದ ಬಾತುಗಳಲ್ಲಿ ಇರೋ ಥರದ್ದು. ಎರಡೂ ಎಲ್ಲೋ ಬೆರೆತುಕೊಂಡಿವೆ. ಇಂಥ ಜಾಗಗಳನ್ನೇ ಅಮ್ಮ ನಾವು ಕಾಯಬೇಕಾಗಿರೋದು. ನೀವು ಹೇಳದೇ ಇದ್ದಿದ್ರೆ ನಾವು ಹೆಬ್ಬಾತಿನ ಹಿಂದೇನೇ ಇರ್ತಿದ್ವಿ."

ಲಕ್ಷ್ಮಿದೇವಮ್ಮ ಅಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಅದೇ ತಪ್ಪಾಯಿತು. 'ಸಾಧು ಜಾತಿ' ಎಂಬುದು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿ, ಹುಣಸೇಕಟ್ಟೆಯಲ್ಲಿ ಹಕ್ಕಿಜ್ವರ ಎಂಬ ಮಾತು ಮಾತ್ರ ವಾಟ್ಸ್ಯಾಪಿನಲ್ಲಿ ಚನ್ನರಾಯಪಟ್ಟಣ ಮುಟ್ಟಿತು. ಯುಗಾದಿಗೆ ಎರಡು ವಾರ ಬಾಕಿ. ಯುಗಾದಿಯ ಮಾರನೆಯ ದಿನ ವರ್ಷತೊಡಕು, ಮನೆಮನೆಯಲ್ಲೂ ಬಾಡೂಟ, ನಾಟಿಕೋಳಿಗೆ ವರ್ಷದಲ್ಲೇ ದೊಡ್ಡ ಗಿರಾಕಿ. ಆ ವಾರ ಕೋಳಿ ಕೊಳ್ಳುವವರು ಒಬ್ಬರೂ ಊರಿಗೆ ಬರಲಿಲ್ಲ. ಸರ್ಕಾರದವರು ಬಂದು ಕೋಳಿಗಳನ್ನೆಲ್ಲ ಗುಂಡಿಗೆ ಹಾಕುತ್ತಾರಂತೆ ಎಂದು ಯಾರೋ ಅಂದರು. ಅರವತ್ತು ಕೋಳಿ ಸಾಕಿದ್ದ ಪಕ್ಕದ ಮನೆಯ ಪ್ರತಿಭಾ ಬಾಗಿಲಿಗೇ ಬಂದು ನಿಂತಳು.

"ಏನಕ್ಕ ನೀನ್ ಮಾಡಿದ್ ಕೆಲ್ಸ? ಇಲ್ಲದ್ ರ್ವಾಗಾನ ಇಕ್ಕೇಲ್ ಉಡುಕ್ ತೆಗ್ದು ಊರ್ಗೇ ತಂದ್ಬುಟ್ಯಲ್ಲ!"

ಮೂವತ್ತು ವರ್ಷದಿಂದ ಸಾರು, ಉಪ್ಪು ಬದಲಾಯಿಸಿಕೊಂಡು ಬಂದ ಮನೆ ಅದು. ಲಕ್ಷ್ಮಿದೇವಮ್ಮ ಜಗಳಕ್ಕೆ ನಿಲ್ಲಲಿಲ್ಲ. "ಮೊದ್ಲು ನನ್ ಕ್ವಾಳಿ ನೋಡ್ಲಿ. ನನ್ ಕ್ವಾಳೀಲಿ ಇದ್ರೆ ನಾನೇ ಮುಂದ್ ನಿಂತು ಕೊಡ್ತೀನಿ. ಇಲ್ದಿದ್ರೆ ನಿನ್ ಕ್ವಾಳೀಗ್ ಯಾಕಮ್ಮಿ ಎದ್ರುಕತೀಯ?" ಎಂದು ಹೇಳಿ, ಅಲ್ಲೇ ನಿಂತು ತೇಜಶ್ರೀಗೆ ಫೋನು ಮಾಡಿದರು.

ಮೂರನೇ ದಿನ ಶಾಲೆಯ ಮುಂದಿನ ಬಯಲಿನಲ್ಲಿ ಊರು ಸೇರಿತು. ತೇಜಶ್ರೀಯ ಜೊತೆಗೆ ತಾಲ್ಲೂಕಿನ ಪಶುವೈದ್ಯರೂ ಬಂದಿದ್ದರು. ಅಧ್ಯಕ್ಷತೆಗೆ ಎಂಬಂತೆ ನಡುವೆ ಕುರ್ಚಿ ಹಾಕಿಕೊಂಡು ಕೂತವರು ಗಂಗಾಧರಯ್ಯ. ಊರಿನ ಅಂಗಡಿ ಅವರದು. ಹಿಂದೆ ಪಂಚಾಯಿತಿ ಸದಸ್ಯರಾಗಿದ್ದವರು. ಮಾಂಸ ಮುಟ್ಟುವ ಮನೆತನವಲ್ಲವಾದರೂ ಊರಿನ ಯಾವ ಸಭೆಯನ್ನೂ ತಪ್ಪಿಸಿದವರಲ್ಲ. ಲಕ್ಷ್ಮಿದೇವಮ್ಮ ತಮ್ಮ ಕೆಂಪು ಹುಂಜವನ್ನು ಕಂಕುಳಲ್ಲಿ ಹಿಡಿದು ಎಲ್ಲರ ಮುಂದೆ ಬಂದರು.

"ಇದು ನಂದು. ಎಲ್ರೂ ನೋಡ್ಕಳಿ."

ತೇಜಶ್ರೀ ಹುಂಜದ ಬಾಯಿ ತೆರೆದು ಹತ್ತಿಯ ಕಡ್ಡಿ ಹಾಕಿದಳು. ಹುಂಜಕ್ಕೆ ಇದು ಸರಿಬರಲಿಲ್ಲ. ಒಂದು ಸಲ ಕೊಸರಿ, ರೆಕ್ಕೆ ಬಡಿದು, ಲಕ್ಷ್ಮಿದೇವಮ್ಮನವರ ಕೈ ತಪ್ಪಿಸಿಕೊಂಡು, ಜನರ ತಲೆಯ ಮೇಲೆ ಹಾರಿ ನೇರವಾಗಿ ಗಂಗಾಧರಯ್ಯನವರ ಮಡಿಲಿಗೆ ಬಿತ್ತು. ಹುಟ್ಟಿದಾಗಿನಿಂದ ಕೋಳಿ ಮುಟ್ಟದ ಗಂಗಾಧರಯ್ಯ ಗಾಬರಿಯಲ್ಲಿ ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದುಬಿಟ್ಟರು.

"ಬುಡ್ಬ್ಯಾಡಿ ಯಜಮಾನ್ರೇ! ಅಂಗೇ ಇಡ್ಕಳಿ!" ಎಂದು ಲಕ್ಷ್ಮಿದೇವಮ್ಮ ಓಡಿಬಂದರು.

"ಬೇಗ್ ಮಾಡ್ರಮ್ಮ! ಕಣ್ ಕಣ್ಣೇ ನೋಡ್ತದಲ್ಲ ಇದು!"

ಎರಡನೆಯ ಕಡ್ಡಿ ಹಿಂಭಾಗದಿಂದ ತೆಗೆಯಬೇಕಾದದ್ದು. ಅದೂ ಅವರ ಮಡಿಲಲ್ಲೇ ಆಯಿತು. ಬಯಲಿನಲ್ಲಿ ಕೂತಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಸಿಡುಕಿನಿಂದ ಬಂದಿದ್ದ ಪ್ರತಿಭಾ ಕೂಡ ಕಣ್ಣೊರೆಸಿಕೊಳ್ಳುತ್ತ ಎದ್ದು, "ನಮ್ಮವ್ನೂ ತತ್ತೀನಿ ಇರಿ" ಎಂದು ಮನೆಗೆ ಓಡಿದಳು. ಅಂದು ಮಧ್ಯಾಹ್ನದವರೆಗೂ ಸಾಲು ಕರಗಲಿಲ್ಲ. ಗಂಗಾಧರಯ್ಯ ಮನೆಗೆ ಹೋದಾಗ ಹೆಂಡತಿ ಗುರುಸಿದ್ದಮ್ಮ ಹಿತ್ತಲಲ್ಲೇ ಎರಡು ಹಂಡೆ ಬಿಸಿನೀರು ಹೊಯ್ದು ಸ್ನಾನ ಮಾಡಿಸಿಯೇ ಒಳಗೆ ಬಿಟ್ಟುಕೊಂಡದ್ದು ಊರಿಗೆಲ್ಲ ಗೊತ್ತಾಯಿತು.

ಐದು ದಿನದಲ್ಲಿ ಫಲಿತಾಂಶ ಬಂತು. ಊರಿನ ಯಾವ ಕೋಳಿಯಲ್ಲೂ ಏನೂ ಇರಲಿಲ್ಲ. ಬಾತಿನವರ ಹಿಂಡೂ ಆರೋಗ್ಯವಾಗಿತ್ತು. ಪಶುವೈದ್ಯರು ಸಹಿ ಮಾಡಿದ ಕಾಗದವನ್ನು ಪ್ರತಿಭಾ ಫೋಟೋ ತೆಗೆದು, ಸುದ್ದಿ ಹೋದ ದಾರಿಯಲ್ಲೇ ವಾಟ್ಸ್ಯಾಪಿಗೆ ಬಿಟ್ಟಳು. 'ಪರೀಕ್ಷೆ ಆದ ಕೋಳಿ' ಎಂದು ಕೇಳಿಕೊಂಡು ಹಾಸನದಿಂದಲೂ ಜನ ಬಂದರು. ವರ್ಷತೊಡಕಿನ ದಿನ ಪ್ರತಿಭಾ ಒಂದು ದೊಡ್ಡ ಬಟ್ಟಲು ಸಾರು ತಂದು ಲಕ್ಷ್ಮಿದೇವಮ್ಮನವರ ಒಲೆಯ ಪಕ್ಕದಲ್ಲಿಟ್ಟು ಅಲ್ಲೇ ಕೂತಳು. "ಉಪ್ಪು ಕಮ್ಮಿ ಆಗದೆ ಕಣಮ್ಮಿ" ಎಂದರು ಲಕ್ಷ್ಮಿದೇವಮ್ಮ. ಅಲ್ಲಿಗೆ ಇಬ್ಬರಿಗೂ ಸರಿಹೋಯಿತು.

ಆದರೆ ಜೂನ್ ತಿಂಗಳಲ್ಲಿ ಇನ್ನೊಂದು ಗಲಾಟೆ ಎದ್ದಿತು. ಇಂಥ ವೈರಸ್ ಸಿಕ್ಕಾಗ ಅದಕ್ಕೊಂದು ಹೆಸರಿಡುತ್ತಾರೆ: ಯಾವ ಹಕ್ಕಿ, ಯಾವ ಊರು, ಎಷ್ಟನೇ ಮಾದರಿ, ಯಾವ ವರ್ಷ. ಇಡೀ ಲೋಕದ ವಿಜ್ಞಾನಿಗಳು ನೋಡುವ ಪಟ್ಟಿಯಲ್ಲಿ 'ಹುಬ್ಬಿನ ಬಾತು, ಹುಣಸೇಕಟ್ಟೆ, ೨೧೪, ೨೦೨೫' ಎಂದು ಸೇರುತ್ತದೆಂದು ತೇಜಶ್ರೀ ಬಂದು ತಿಳಿಸಿದಳು. ಗಂಗಾಧರಯ್ಯ ಅಂಗಡಿಯ ಕಟ್ಟೆಯಿಂದ ಎದ್ದೇ ನಿಂತರು.

"ಕಾಯ್ಲೆಗೆ ನಮ್ಮೂರ್ ಎಸ್ರಾ? ಬ್ಯಾರೆ ಎಸ್ರೇ ಸಿಗ್ಲಿಲ್ವೇನಮ್ಮ ನಿಮ್ಗೆ? ನಾಳೆ ಈ ಊರ್ಗೆ ಎಣ್ಣು ಕೊಡ್ತಾರಾ ಯಾರಾದ್ರೂ?"

ತೇಜಶ್ರೀ ಬಾಯಿ ತೆರೆಯುವ ಮೊದಲೇ ಲಕ್ಷ್ಮಿದೇವಮ್ಮ ಮುಂದೆ ಬಂದರು.

"ಯಜಮಾನ್ರೇ, ಇದು ಎಷ್ಟ್ ಕೆರೇಲದೆಯೋ ಯಾರಿಗ್ಗೊತ್ತು? ಅವ್ರ್ಯಾರೂ ನೋಡ್ಕಂಡಿಲ್ಲ. ನಾವು ನೋಡ್ದೋ. ಕಾಯ್ಲೆ ನಮ್ದು ಅಂತ ಎಸ್ರಲ್ಲ, ಕಂಡಿಡ್ದೋರು ನಾವು ಅಂತ ಎಸ್ರು."

"ಅಂಗಂತ ಅವ್ರು ತಿಳ್ಕಬೇಕಲ್ಲ!"

ತೇಜಶ್ರೀ ಲ್ಯಾಪ್‌ಟಾಪ್ ತೆರೆದು ಆ ಪಟ್ಟಿಯನ್ನು ತೋರಿಸಿದಳು. ಕ್ಯಾಲಿಫೋರ್ನಿಯಾ ಇತ್ತು, ಸಿಂಗಪುರ ಇತ್ತು, ಹಾಂಗ್‌ಕಾಂಗ್ ಇತ್ತು. ಗಂಗಾಧರಯ್ಯ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದರು. ಸಿಂಗಪುರದ ಮೇಲೆ ಬೆರಳಿಟ್ಟರು.

"ಈ ಸಿಂಗಪುರದ್ ಜೊತೀಗೆ ನಮ್ಮೂರ್ ಬತ್ತದಾ?"

"ಬರುತ್ತೆ ಸರ್."

"ಅಂಗಾದ್ರೆ ಇಂಗ್ಲಿಷಲ್ಲಿ ಸರ್ಯಾಗ್ ಬರೀರಿ. ಬಸ್ಸಿನ್ ಬೋರ್ಡಲ್ಲಿ ಒಬ್ಬೊಬ್ರು ಒಂದೊಂದ್ ಥರ ಬರೀತರೆ. ಮೊದ್ಲು ನಂಗ್ ತೋರ್ಸಿ, ಆಮ್ಯಾಕ್ ಕಳ್ಸಿ."

ಆಮೇಲಿನ ಒಂದು ತಿಂಗಳು ಅಂಗಡಿಗೆ ಬಂದ ಗಿರಾಕಿಗಳಿಗೆ ಎಂಟು ತುಂಡಿನ ಕಥೆಯನ್ನು ಬಿಡಿಸಿ ಹೇಳುತ್ತಿದ್ದವರು ಗಂಗಾಧರಯ್ಯನವರೇ. ಅವರ ಲೆಕ್ಕದಲ್ಲಿ ತುಂಡುಗಳು ಒಮ್ಮೊಮ್ಮೆ ಒಂಬತ್ತಾಗುತ್ತಿದ್ದವು. ಲಕ್ಷ್ಮಿದೇವಮ್ಮ ದಾರಿಯಲ್ಲಿ ಹೋಗುತ್ತ, "ಎಂಟು ಯಜಮಾನ್ರೇ, ಎಂಟು" ಎಂದು ಕೂಗಿ ಮುಂದೆ ನಡೆಯುತ್ತಿದ್ದರು.

ಕೆರೆಯನ್ನು ಯಾರೂ ಕೈಬಿಡಲಿಲ್ಲ. ಬದಲಿಗೆ ಈ ಚಳಿಗಾಲಕ್ಕೆ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳ ಹನ್ನೊಂದು ಕೆರೆಗಳು ಸೇರಿಕೊಂಡವು. ಎಲ್ಲ ಕಡೆಯೂ ಊರಿನ ಹೆಂಗಸರನ್ನೇ ತೆಗೆದುಕೊಂಡರು. ಅವರಿಗೆ ಕಲಿಸಲು ಹೋಗುವವರು ಲಕ್ಷ್ಮಿದೇವಮ್ಮ. ಮೊದಲ ತರಗತಿಯ ದಿನ ಹೊಳೆನರಸೀಪುರದ ಬಸ್ಸಿಗೆ ಚಿಕ್ಕಯ್ಯ ತಾವೇ ಡಬ್ಬ ಹೊತ್ತು ತಂದು ಹತ್ತಿಸಿದರು. "ಮೇಷ್ಟ್ರು ಮನೆಗ್ ಯಾವಾಗ್ ಬತ್ತರೆ?" ಎಂದು ಕಿಟಕಿಯ ಹೊರಗಿನಿಂದ ಕೇಳಿದರು.

"ಸಂಜೀಕೆ. ಸಾರ್ ಮಾಡಿಡು."

ಹೊಳೆನರಸೀಪುರದ ಆಚೆ, ಕಾಲುವೆ ಪಕ್ಕದ ಒಂದು ಗದ್ದೆಬಯಲಿನಲ್ಲಿ ಆ ದಿನ ತೇಜಶ್ರೀಯ ಜೊತೆ ಏಳು ಜನ ಹೆಂಗಸರಿದ್ದರು. ಹಿಕ್ಕೆ ಎಂದದ್ದಕ್ಕೆ ಏಳೂ ಜನ ನಕ್ಕರು. ಲಕ್ಷ್ಮಿದೇವಮ್ಮ ಅವರ ನಗು ಮುಗಿಯುವವರೆಗೂ ಕಾದು, ತಾವೂ ನಕ್ಕು, ಕೈಗವಸು ಹಾಕಿಕೊಳ್ಳುವುದು ಹೇಗೆಂದು ತೋರಿಸಿದರು. ಊಟದ ಹೊತ್ತಿಗೆ ಎಲ್ಲರೂ ಕಡ್ಡಿ ಹಿಡಿದು ಓಡಿ ದಣಿದಿದ್ದರು.

ಆಗ ಕಾಲುವೆಯ ಮೇಲಿಂದ ಒಂದು ಹಕ್ಕಿ ಬಂದು ದೂರದ ನೀರಿನಲ್ಲಿ ಇಳಿಯಿತು. ಕಂದು ಮೈ, ಕೆಂಪು ಕೊಕ್ಕು, ರೆಕ್ಕೆಯಲ್ಲಿ ಬೆಳ್ಳನೆಯ ಪಟ್ಟೆ. ಲಕ್ಷ್ಮಿದೇವಮ್ಮ ಬಾಯಿಗೆ ಹೋಗುತ್ತಿದ್ದ ತುತ್ತನ್ನು ನಿಲ್ಲಿಸಿ ಕತ್ತು ಉದ್ದ ಮಾಡಿದರು. ಹುಣಸೇಕಟ್ಟೆಯಲ್ಲಿ ಇದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

"ಇದ್ಯಾವ್ದವ್ವ?" ಎಂದು ಪಿಸುಗುಟ್ಟಿದರು.

ತೇಜಶ್ರೀ ದುರ್ಬೀನು ಹಿಡಿದು ನೋಡಿದಳು. ಪುಸ್ತಕ ತಿರುವಿದಳು. ಮತ್ತೆ ನೋಡಿದಳು. "ನಂಗೂ ಗೊತ್ತಾಗ್ತಿಲ್ಲ ಅಮ್ಮ."

"ನಿಂಗೂ ಗೊತ್ತಿಲ್ವಾ!" ಲಕ್ಷ್ಮಿದೇವಮ್ಮನವರ ಮುಖ ಅರಳಿತು. ಕೈ ತೊಳೆದು, ದುರ್ಬೀನು ಇಸಿದುಕೊಂಡು, ಬದುವಿನ ಮೇಲೆ ಬೋರಲು ಮಲಗಿದರು. ಏಳು ಜನ ಹೆಂಗಸರಿಗೂ ಸದ್ದು ಮಾಡಬೇಡಿರೆಂದು ಹಿಂದಿನಿಂದಲೇ ಕೈ ಸನ್ನೆ ಮಾಡಿದರು.